ಹಳೆಯ ಅಂಗೈ ಗಣಕ: ಗುಜರಿಗೋ, ಹೊಳೆದಂಡೆಗೋ?

ನವಿಲುತೀರ್ಥ: ಮಲಪ್ರಭೆಗೆ ಇಲ್ಲಿ ಕಟ್ಟಲಾಗಿರುವ ರೇಣುಕಾಸಾಗರ ಜಲಾಶಯದ ಗರಿಷ್ಠ ಮಟ್ಟ 2079.50 ಅಡಿ. ಮಳೆಗಾಲದಲ್ಲಿ ರಾಮದುರ್ಗದಿಂದ ಕೊಣ್ಣೂರಿನವರೆಗೆ ನದಿಪಾತ್ರದ ಜನ ವಿಚಾರಿಸುವುದು ನೀರು ಈ ಅಂಕಿಗೆ ಎಷ್ಟು ಸಮೀಪಿಸಿದೆ ಎಂದು. 2019ರ ಆಗಸ್ಟ್ ತಿಂಗಳ ನೆರೆ ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನೀರಿನ ಮಟ್ಟ ಅಳೆಯುವ ಎಷ್ಟೋ ಸಂವೇದಕಗಳು ತಮ್ಮ ಲೆಕ್ಕವನ್ನು ಇಂದಿಗೂ ಒಪ್ಪಿಸುವುದು ಸೀರಿಯಲ್ ಪೋರ್ಟ್ ಮೂಲಕ. ಮೂಲೆ ಸೇರಿರುವ ಹಳೆಯ ಅಂಗೈ ಗಣಕಗಳಿಗೂ ಅದೇ ಭಾಷೆ ಗೊತ್ತು. ಹಾಗಿದ್ದರೆ ಅವುಗಳನ್ನು ಗುಜರಿಗೆ ಹಾಕುವ ಅವಸರವೇಕೆ?

ಇದು ಕನ್ನಡಿಗರಿಗೆ ಅಪರಿಚಿತ ಯಂತ್ರವೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ 1999ರಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. 2001ರಲ್ಲಿ ಮಾದರಿ ಹೊರಬಂತು. 2004ರಲ್ಲಿ ಪಿಕೋಪೆಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ 'ಅಮಿಡಾ' ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದವು. ರಾಜ್ಯದ 'ಭೂಮಿ' ಯೋಜನೆಯಲ್ಲೂ ಅದನ್ನು ಬಳಸಲಾಯಿತು. ಮಾರಾಟದ ನಿರೀಕ್ಷೆ 50,000. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ವ್ಯಾಪಾರದ ದೃಷ್ಟಿಯಿಂದ ಸೋಲೇ ಸರಿ. ಆದರೆ ಅದರ ವಿನ್ಯಾಸವನ್ನು ಟ್ರಸ್ಟ್ ಬಚ್ಚಿಡಲಿಲ್ಲ, ಲಿನಕ್ಸ್ ಬಳಸಿತು. ಮರುಬಳಕೆಯ ಪ್ರಶ್ನೆ ಬಂದಾಗ ಈ ಗುಣಕ್ಕೆ ಬೆಲೆ ಬರುತ್ತದೆ.

ಕೆಲಸದ ಕ್ರಮ ಸರಳ. 1960ರಲ್ಲಿ ರೂಪುಗೊಂಡ ಆರ್‌ಎಸ್-232 ಮಾನದಂಡದಲ್ಲಿ ಕಳುಹಿಸಲು ಒಂದು ತಂತಿ, ಸ್ವೀಕರಿಸಲು ಒಂದು, ಸಮಾನ ನೆಲೆಗೆ ಒಂದು, ಹೀಗೆ ಮೂರು ತಂತಿ ಸಾಕು. ಎರಡೂ ಕಡೆ ವೇಗ ಒಂದೇ ಆಗಿರಬೇಕು. ಸೆಕೆಂಡಿಗೆ 9,600 ಬಿಟ್ ಸಾಮಾನ್ಯ. ಎಚ್ಚರ ಬೇಕಾದದ್ದು ವೋಲ್ಟೇಜಿನಲ್ಲಿ. ಈ ಮಾನದಂಡದ ಸಂಕೇತ ಧನ, ಋಣ ಎರಡೂ ಕಡೆ 15 ವೋಲ್ಟ್‌ವರೆಗೆ ಹೋಗಬಹುದು. ಗಣಕದೊಳಗಿನ ಚಿಪ್ ಮಾತ್ರ 3.3 ವೋಲ್ಟಿನದು. ನಡುವೆ ಪರಿವರ್ತಕ ಇಡದೆ ಬೆಸೆದರೆ ಚಿಪ್ ಸುಟ್ಟುಹೋದೀತು. ಪಾಮ್ ಕಂಪನಿಯ ಹಳೆಯ ಮಾದರಿಗಳು ಎರಡೇ ಸಣ್ಣ ಸೆಲ್‌ಗಳಲ್ಲಿ ವಾರಗಟ್ಟಲೆ ನಡೆಯುತ್ತಿದ್ದವು. ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕೈಕೊಟ್ಟ ರಾತ್ರಿ ಹೊಳೆದಂಡೆಯ ಮಾಪಕದ ಲೆಕ್ಕ ಓದಲು ಇಷ್ಟು ಸಾಕು. ಹಾಗೆಂದು ಅಧಿಕೃತ ನೆರೆ ಮುನ್ಸೂಚನೆಯನ್ನು ಇಂಥ ಯಂತ್ರದ ಹೆಗಲಿಗೆ ಹಾಕುವುದು ಸಲ್ಲದು. ಅದು ಎರಡನೆಯ ಕಣ್ಣು, ಅಷ್ಟೇ.

ನಿಜವಾದ ತೊಡಕು ಬೇರೆಡೆ ಇದೆ. ಹೆಸ್ಕಾಂ ಮೀಟರ್ ಓದುಗರ ಕೈಯಲ್ಲಿ ಬಿಲ್ ಯಂತ್ರ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಸಾರಿಗೆ ಬಸ್ಸಿನ ನಿರ್ವಾಹಕರ ಕೈಯಲ್ಲಿ ಟಿಕೆಟ್ ಯಂತ್ರ: ಇವೂ ಅಂಗೈ ಗಣಕಗಳೇ. ಸಾರ್ವಜನಿಕ ಕೆಲಸಕ್ಕೆ ಬಂದ ಇಂಥ ಯಂತ್ರಗಳು ಹಳತಾದ ಮೇಲೆ ಏನು ಮಾಡಬೇಕು? ತಯಾರಕರು ತಂತ್ರಾಂಶಕ್ಕೆ ಬೀಗ ಹಾಕಿ, ಪೋರ್ಟಿನ ವಿವರ ಗುಟ್ಟಾಗಿಟ್ಟರೆ ಯಂತ್ರ ಸುಸ್ಥಿತಿಯಲ್ಲಿದ್ದರೂ ನಿರುಪಯುಕ್ತ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ದುರಸ್ತಿ ಮಾಡಿ ಮರುಬಳಸುವುದಕ್ಕೆ ಅವಕಾಶ ಕೊಟ್ಟಿವೆ. ಹಾಗೆ ಮಾಡಿದಾಗ ತಯಾರಕರ ಹೊಣೆ ಮುಂದಕ್ಕೆ ಹೋಗುತ್ತದೆ. ಆದರೆ ಬೀಗ ಹಾಕಿದ ಯಂತ್ರವನ್ನು ದುರಸ್ತಿಗಾರನಾದರೂ ಏನು ಮಾಡಿಯಾನು? ಪರಿಹಾರ ಖರೀದಿಯ ಹಂತದಲ್ಲೇ ಇರಬೇಕು. ಪೋರ್ಟಿನ ಪಿನ್ ವಿನ್ಯಾಸ, ವೋಲ್ಟೇಜ್, ಸಂವಹನದ ಕ್ರಮ ಇವಿಷ್ಟನ್ನು ಲಿಖಿತವಾಗಿ ಒಪ್ಪಿಸಬೇಕೆಂಬ ಷರತ್ತನ್ನೂ, ಸೇವಾವಧಿ ಮುಗಿದಾಗ ಗ್ರಾಹಕರ ಮಾಹಿತಿ ಅಳಿಸಿ ಬೀಗ ತೆರೆದುಕೊಡಬೇಕೆಂಬ ಷರತ್ತನ್ನೂ ಟೆಂಡರ್ ದಾಖಲೆಗೆ ಸೇರಿಸಲು ಒಂದು ಪುಟ ಸಾಕು.