ಪತ್ತೇದಾರಿ ಸಾಹಿತ್ಯ: ಸಾಕ್ಷ್ಯಕ್ಕೆ ಮೊದಲೇ ತೀರ್ಪು

ಪತ್ತೇದಾರಿ ಲೇಖಕರಲ್ಲಿ ಅಗ್ರಗಣ್ಯರು ಯಾರು ಎಂಬ ಪ್ರಶ್ನೆಗೆ ದೊರೆಯುವ ಉತ್ತರವು, ಅದನ್ನು ಹೇಳುವವನು ಯಾವ ಭಾಷೆಯಲ್ಲಿ ನಿಂತು ಹೇಳುತ್ತಾನೆ ಎಂಬುದನ್ನು ಅವಲಂಬಿಸಿರುತ್ತದೆ. ಪುಣೆಯ ಧನಕವಡಿಯಲ್ಲಿ ನೆಲೆಸಿದ ಕನ್ನಡಿಗನೊಬ್ಬನು ಇಂಥ ಪಟ್ಟಿಯನ್ನು ಸಿದ್ಧಪಡಿಸಲು ಹೊರಟನೆಂದು ಭಾವಿಸಬಹುದು. ಇಂಗ್ಲಿಷಿನ ಪಟ್ಟಿಗಳು ಅವನಿಗೆ ಸುಲಭವಾಗಿ ದೊರೆಯುತ್ತವೆ. ಬ್ರಿಟನ್ನಿನ ಅಪರಾಧ ಕಥಾ ಲೇಖಕರ ಸಂಘವು 1990ರಲ್ಲಿ ಜೋಸೆಫೀನ್ ಟೇ ಅವರ 'ದಿ ಡಾಟರ್ ಆಫ್ ಟೈಮ್' ಕಾದಂಬರಿಗೆ ಮೊದಲ ಸ್ಥಾನ ನೀಡಿತು. 1995ರಲ್ಲಿ ಅಮೆರಿಕದ ರಹಸ್ಯ ಕಥಾ ಲೇಖಕರ ಸಂಘವು ಆ ಸ್ಥಾನವನ್ನು ಷರ್ಲಾಕ್ ಹೋಮ್ಸನ ಸಮಗ್ರ ಕಥೆಗಳಿಗೆ ಕೊಟ್ಟಿತು. ಅಗ್ರಸ್ಥಾನದ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳಿದ ಈ ಎರಡು ಸಂಘಗಳೂ ಭಾರತೀಯ ಭಾಷೆಗಳ ಕೃತಿಗಳನ್ನು ಹೊರಗಿಡುವುದರಲ್ಲಿ ಮಾತ್ರ ಒಂದಾಗಿದ್ದವು.

ಆದರೆ ಈ ಓದುಗನು ವಾಸಿಸುವ ನಗರವೇ ಬೇರೊಂದು ಪಟ್ಟಿಯನ್ನು ಸೂಚಿಸುತ್ತದೆ. ವ್ಯೋಮಕೇಶ ಬಕ್ಷಿಯ ಸೃಷ್ಟಿಕರ್ತರಾದ ಶರದಿಂದು ಬಂದ್ಯೋಪಾಧ್ಯಾಯರು 1952ರಲ್ಲಿ ಪುಣೆಗೆ ಬಂದು ನೆಲೆಸಿ, ಬಂಗಾಳದಿಂದ ದೂರವಿದ್ದೇ ಬಂಗಾಳಿಯಲ್ಲಿ ಬರೆದರು. ಅವರ ನಾಯಕನು ಪತ್ತೇದಾರನೆಂದು ಕರೆಯಿಸಿಕೊಳ್ಳಲು ಒಪ್ಪದೆ, ತನ್ನನ್ನು 'ಸತ್ಯಾನ್ವೇಷಿ' ಎಂದುಕೊಂಡನು. ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರರು ಸಾವಿರಕ್ಕೂ ಮಿಕ್ಕಿ ರಹಸ್ಯಕಥೆಗಳನ್ನು ರಚಿಸಿದರು. ಕಲೆಯ ಹದದಲ್ಲಿ ಮೊದಲನೆಯವರು ಹಿರಿಯರು. ಓದುಗರ ವಿಸ್ತಾರದಲ್ಲಿ ಎರಡನೆಯವರನ್ನು ಕಡೆಗಣಿಸುವಂತಿಲ್ಲ. ಒಂದೇ ಅಳತೆಗೋಲು ಇಬ್ಬರಿಗೂ ಸಲ್ಲದು.

ಕನ್ನಡದಲ್ಲಿಯಾದರೋ ಎನ್. ನರಸಿಂಹಯ್ಯನವರನ್ನು (1925-2011) ಮೊದಲ ಸ್ಥಾನದಲ್ಲಿರಿಸಬೇಕು. ಹೆಚ್ಚಿನ ಶಾಲಾ ವಿದ್ಯಾಭ್ಯಾಸವಿಲ್ಲದೆಯೇ ಅವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನು ಮನೆಮಾತಾದನು. ಕನ್ನಡ ಚಳವಳಿಯ ಮುಂದಾಳು, ಹಳದಿ-ಕೆಂಪು ಬಾವುಟದ ರೂವಾರಿ ಎಂ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರಾಗಿದ್ದರೆಂಬುದನ್ನು ಮರೆಯಲಾಗದು. 'ಬಂಗಾರದ ಮನುಷ್ಯ'ದ ಕರ್ತೃವೆಂದು ಪ್ರಸಿದ್ಧರಾದ ಟಿ.ಕೆ. ರಾಮರಾಯರು ಅಪರಾಧ ಕಥಾವಸ್ತುವನ್ನು ಪಳಗಿದ ಕೈಯಿಂದ ನಿರ್ವಹಿಸಿದರು. ಕೇವಲ ಕುಸುರಿಯನ್ನು ನೋಡುವುದಾದರೆ ರಾಮರಾಯರೇ ಮುಂದೆ ನಿಲ್ಲಬಹುದು. ನರಸಿಂಹಯ್ಯನವರಲ್ಲಿ ಪುನರುಕ್ತಿಯಿದೆ, ಅವಸರವಿದೆ. ಆದರೂ ಪುಸ್ತಕವನ್ನು ಕೈಯಲ್ಲಿ ಹಿಡಿಯದಿದ್ದವರಿಗೆ ಕನ್ನಡವನ್ನು ಓದುವ ಚಟ ಹತ್ತಿಸಿದ್ದು ಸಣ್ಣ ಸಾಧನೆಯಲ್ಲ. ಗಂಭೀರ ಕಾದಂಬರಿಗೂ ಈ ಓದುಗವರ್ಗದಿಂದಲೇ ಎಷ್ಟೋ ಮಂದಿ ಬಂದರು.

ಈ ಸ್ಥಾನನಿರ್ಣಯವನ್ನು ಯಾರಾದರೂ ಪ್ರಶ್ನಿಸಿದರೆ ಅದನ್ನು ಸಮರ್ಥಿಸುವುದಕ್ಕೆ ಬೇಕಾದ ಸಾಮಗ್ರಿ ಎಲ್ಲಿದೆ? ತೊಡಕಿರುವುದು ಇಲ್ಲಿಯೇ. ಅಗ್ಗದ ಕಾಗದದ ಮೇಲೆ ಅಚ್ಚಾಗಿ, ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕೈಯಿಂದ ಕೈಗೆ ದಾಟಿ ಹರಿದುಹೋದ ಕೃತಿಗಳಿವು. ಜನಪ್ರಿಯವಾದುದೆಲ್ಲವೂ ಅಗ್ಗವೆಂಬ ಗ್ರಹಿಕೆಯಿಂದ ವಿದ್ವಾಂಸರು ಇವುಗಳನ್ನು ಓದದೆಯೇ ಬದಿಗಿರಿಸಿದರು. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಬರೆದಂತಾಯಿತು. ಇಂಥ ಕೆಲಸವನ್ನು ಪುರುಷೋತ್ತಮನೂ ಮಾಡಲಾರನು.

ಟೇ ಅವರ ಕಾದಂಬರಿಯಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಪೊಲೀಸ್ ಅಧಿಕಾರಿಯೊಬ್ಬನು, ಮೂರನೆಯ ರಿಚರ್ಡ್ ದೊರೆಯ ಮೇಲಿನ ಕೊಲೆಯ ಆರೋಪವನ್ನು ಹಳೆಯ ದಾಖಲೆಗಳ ಆಧಾರದಿಂದಲೇ ಪರಿಶೀಲಿಸುತ್ತಾನೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಕವಿಯ ಕಾಲವನ್ನು ನಿರ್ಣಯಿಸುವ ಕನ್ನಡ ಸಂಶೋಧಕನ ದಾರಿಯೂ ಇದೇ. ತಾಳೆಗರಿಗೆ ತೋರಿದ ಈ ನಿಷ್ಠೆಯನ್ನು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಈ ಕಿರುಹೊತ್ತಗೆಗಳಿಗೂ ತೋರಬೇಕು. ಮೊದಲು ಸಂಗ್ರಹ, ಅನಂತರ ಗ್ರಂಥಸೂಚಿ, ಆಮೇಲೆ ಓದು. ಆಗ ನರಸಿಂಹಯ್ಯನವರು ಮೊದಲ ಸ್ಥಾನದಿಂದ ಕೆಳಗಿಳಿದರೂ ಚಿಂತೆಯಿಲ್ಲ. ಓದಿದವರು ಇಳಿಸಿದರೆಂಬ ಗೌರವವಾದರೂ ಅವರಿಗೆ ಸಲ್ಲುತ್ತದೆ.