ಎಡಗೈ ಹೆಬ್ಬೆಟ್ಟು

ಹೋದ ನವೆಂಬರ್‌ನಲ್ಲಿ ನಮ್ಮಪ್ಪ ಬ್ಯಾಂಕಿಗೆ ಹೋಗಿ ಎಡಗೈ ಹೆಬ್ಬೆಟ್ಟು ಒತ್ತಿ ಬಂದ್ರು. ಪಿಂಚಣಿ ನಿಲ್ಲಬಾರದು ಅಂದ್ರೆ ವರ್ಷಕ್ಕೊಮ್ಮೆ ‘ನಾನಿನ್ನೂ ಬದುಕಿದ್ದೀನಿ’ ಅಂತ ಕಾಗದ ಕೊಡಬೇಕಲ್ಲ, ಅದಕ್ಕೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ಮೇಷ್ಟ್ರು. ಊರಲ್ಲಿ ಎಷ್ಟೋ ಜನಕ್ಕೆ ಸಹಿ ಹಾಕೋದು ಕಲಿಸಿದವರು. ಮನೆಗೆ ಬಂದವರು ಬೆರಳಿಗೆ ಅಂಟಿದ್ದ ಇಂಕನ್ನ ಸೋಪು ಹಾಕಿ ಉಜ್ಜಿಸಿಕೊಂಡು, ಸಂಜೆವರೆಗೂ ಯಾರ ಹತ್ರಾನೂ ಮಾತಾಡಲಿಲ್ಲವಂತೆ. ಅಮ್ಮ ಫೋನಿನಲ್ಲಿ ಹೇಳಿದ್ದು.

ಅಪ್ಪನಿಗೆ ಲಕ್ವ ಹೊಡೆದು ಎರಡು ವರ್ಷ ಆಯ್ತು. ಮಾತು ವಾಪಸ್ ಬಂತು, ಕೋಲು ಹಿಡಿದು ನಡೀತಾರೆ. ಬಲಗೈ ಮಾತ್ರ ಬರಲಿಲ್ಲ. ಎಡಗೈ ಚೆನ್ನಾಗೇ ಇದೆ, ಆದ್ರೆ ಅದರಲ್ಲಿ ಊಟ ಮಾಡಲ್ಲ, ಬರೆಯಲ್ಲ. ಅಮ್ಮ ತುತ್ತು ಕೊಡಬೇಕು. “ಬಲಗೈ ಸರಿಹೋಗ್ಲಿ, ಆಮೇಲೆ ನೋಡೋಣ” ಅನ್ನೋದೇ ಉತ್ತರ.

ಇಷ್ಟೆಲ್ಲಾ ಪೀಠಿಕೆ ಯಾಕಪ್ಪಾ ಅಂದ್ರೆ, ಈ ಸಲ ನಾನು ಬರೆಯೋಕೆ ಹೊರಟಿರೋದು ಒಬ್ಬ ಪಿಯಾನೋ ವಾದಕರ ಬಗ್ಗೆ. ಹೆಸರು ಇಜುಮಿ ತಾತೆನೊ. ಜಪಾನಿನವರು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ನನ್ನ ಜ್ಞಾನ ಸೊನ್ನೆ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಒಂದು ದಿನ ಆಫೀಸಿನಲ್ಲಿ ಕಾಫಿ ಹೊತ್ತು. ಫಿನ್‌ಲೆಂಡಿನವರ ಕಾಫಿ ಜೊತೆ ‘ಪುಲ್ಲಾ’ ಅಂತ ಒಂದು ಬನ್ ಇರುತ್ತೆ, ಏಲಕ್ಕಿ ಹಾಕಿರ್ತಾರೆ. ನನಗೆ ಅದರ ವಾಸನೆಗೇ ಊರು ನೆನಪಾಗೋದು. ನನ್ನ ಮನೆ ಎಸ್ಪೋದ ತಾಪಿಯೊಲಾದಲ್ಲಿ ಅಂದಾಗ, ಎದುರಿಗಿದ್ದ ಸಹೋದ್ಯೋಗಿ “ಆ ಹೆಸರಿನ ಒಂದು ಪಿಯಾನೋ ಕೃತಿ ಇದೆ ಗೊತ್ತಾ? ಪೂರ್ತಿ ಎಡಗೈಯಲ್ಲೇ ನುಡಿಸೋದು” ಅಂದ. ನನ್ನ ಕೈಯಲ್ಲಿದ್ದ ಬನ್ ಅಲ್ಲೇ ನಿಂತುಹೋಯ್ತು. ಎಡಗೈ ಅಂದ್ರೆ ನಮ್ಮನೇಲಿ ಅದು ಬೇರೇನೇ ವಿಷಯ ಅಲ್ವಾ.

ಅವತ್ತು ರಾತ್ರಿ ಕೂತು ಹುಡುಕಿದೆ, ಓದಿದೆ, ಕೇಳಿದೆ.

ತಾತೆನೊ ಹುಟ್ಟಿದ್ದು 1936ರಲ್ಲಿ, ಟೋಕಿಯೋದಲ್ಲಿ. ಅಪ್ಪ ಚೆಲ್ಲೋ ವಾದಕ, ಅಮ್ಮ ಪಿಯಾನೋ. 1960ರಲ್ಲಿ ಟೋಕಿಯೋದ ಕಲಾ ವಿಶ್ವವಿದ್ಯಾಲಯದಿಂದ ಮೊದಲ ಸ್ಥಾನದಲ್ಲಿ ಪಾಸಾದ್ರು. ಅಂಥವರು ಸಾಮಾನ್ಯವಾಗಿ ವಿಯೆನ್ನಾಕ್ಕೋ ಪ್ಯಾರಿಸ್ಸಿಗೋ ಹೋಗ್ತಾರೆ. ಇವರು 1964ರಲ್ಲಿ ಬಂದು ನೆಲೆಸಿದ್ದು ಹೆಲ್ಸಿಂಕಿಯಲ್ಲಿ! ಆಗ ಅವರಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ನಾನಾದ್ರೂ ಸಂಬಳಕ್ಕೆ ಬಂದವನು, ಭಾನುವಾರ ವಿಡಿಯೋದಲ್ಲಿ ಅಮ್ಮನ ಮುಖ ನೋಡ್ತೀನಿ. ಆ ಕಾಲದಲ್ಲಿ ಈ ಹಿಮಕ್ಕೆ, ಈ ಕತ್ತಲೆಗೆ ಟೋಕಿಯೋ ಬಿಟ್ಟು ಬಂದ ಮನುಷ್ಯನ ಧೈರ್ಯ ಎಂಥದ್ದಿರಬೇಕು ನೋಡಿ.

1968ರಿಂದ ಸಿಬೇಲಿಯಸ್ ಅಕಾಡೆಮಿಯಲ್ಲಿ ಪಾಠ ಹೇಳಿದ್ರು. ನೂರಕ್ಕೂ ಹೆಚ್ಚು ರೆಕಾರ್ಡುಗಳು ಬಂದವು. ಫಿನ್‌ಲೆಂಡಿನ ಸಂಗೀತವನ್ನ ಜಪಾನಿನಲ್ಲಿ ನುಡಿಸಿದ್ರು, ಜಪಾನಿನದನ್ನ ಇಲ್ಲಿ. 1981ರಲ್ಲಿ ಫಿನ್‌ಲೆಂಡ್ ಸರ್ಕಾರ ಕಲಾವಿದರಿಗೆ ಕೊಡೋ ಆಜೀವ ಪಿಂಚಣಿಯನ್ನ ಇವರಿಗೂ ಕೊಟ್ಟಿತು. ಇಷ್ಟಕ್ಕೇ ನಿಂತಿದ್ರೂ ತುಂಬಿದ ಬದುಕು ಅನ್ನಬಹುದಿತ್ತು.

2002ರ ಜನವರಿ. ತಾಂಪೆರೆ ಅನ್ನೋ ಊರು, ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ ದಾರಿಯೂ ಅಲ್ಲ. ಅಲ್ಲಿನ ಕಛೇರಿಯ ಕೊನೆಯಲ್ಲಿ ತಾತೆನೊ ವೇದಿಕೆ ಮೇಲೇ ಕುಸಿದ್ರು. ಮೆದುಳಿನಲ್ಲಿ ರಕ್ತಸ್ರಾವ. ಬಲಭಾಗ ಪೂರ್ತಿ ಬಿದ್ದುಹೋಯ್ತು. ಅವರಿಗಾಗ 65 ವರ್ಷ. ಇದನ್ನ ಓದೋವಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಕಿಟಕಿ ಹತ್ರ ನಿಂತಿದ್ದೆ.

ಈಗ ಒಂಚೂರು ತಾಂತ್ರಿಕ ವಿಷಯ, ಎಂಜಿನಿಯರ್ ಬುದ್ಧಿ ಬಿಡಲ್ಲ, ಕ್ಷಮಿಸಿ. ಎಡಗೈ ಒಂದಕ್ಕೇ ಅಂತ ಬರೆದ ಪಿಯಾನೋ ಸಂಗೀತ ಮೊದಲಿನಿಂದಲೂ ಇದೆ. ರಷ್ಯಾದ ಸ್ಕ್ರಿಯಾಬಿನ್ ಅತಿಯಾಗಿ ಅಭ್ಯಾಸ ಮಾಡಿ ಬಲಗೈ ಕೆಡಿಸಿಕೊಂಡು, 1894ರಲ್ಲಿ ಎಡಗೈಗೆ ಎರಡು ತುಣುಕು ಬರೆದ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನ್ ಅನ್ನೋ ವಾದಕ ದುಡ್ಡು ಕೊಟ್ಟು ದೊಡ್ಡ ದೊಡ್ಡವರಿಂದ ಬರೆಸಿದ. ಫ್ರಾನ್ಸಿನ ರಾವೆಲ್ ಬರೆದ ಪ್ರಸಿದ್ಧ ಎಡಗೈ ಕನ್ಸರ್ಟೊ ಹಾಗೆ ಹುಟ್ಟಿದ್ದು.

ಬಲಗೈಗಿಂತ ಎಡಗೈಗೇ ಇಂಥದ್ದು ಚೆನ್ನಾಗಿ ಒಗ್ಗೋದಕ್ಕೆ ಕಾರಣ ಇದೆ. ಎರಡೂ ಕೈಯನ್ನ ಟೇಬಲ್ ಮೇಲೆ ಚಾಚಿ ಇಟ್ಟು ನೋಡಿ. ಪಿಯಾನೋದಲ್ಲಿ ಬಲಕ್ಕೆ ಹೋದಷ್ಟೂ ಸ್ವರ ಏರುತ್ತೆ. ರಾಗ ಸಾಮಾನ್ಯವಾಗಿ ಮೇಲಿನ ಸ್ವರಗಳಲ್ಲಿ ಇರುತ್ತೆ. ಬಲಗೈಯಲ್ಲಿ ಆ ಕಡೆ ಇರೋದು ಕಿರುಬೆರಳು, ಪಾಪ ಅದಕ್ಕೆ ಬಲ ಕಡಿಮೆ. ಎಡಗೈಯಲ್ಲಿ ಆ ಕಡೆ ಇರೋದು? ಹೆಬ್ಬೆಟ್ಟು! ಹಾಗಾಗಿ ಹೆಬ್ಬೆಟ್ಟು ಹಾಡುತ್ತೆ, ಉಳಿದ ಬೆರಳುಗಳು ಕೆಳಗಿನ ಸ್ವರ ನೋಡಿಕೊಳ್ತವೆ. ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರೋವಷ್ಟು ಹೊತ್ತು, ಮೊದಲು ಒತ್ತಿದ ಸ್ವರ ಸಾಯದ ಹಾಗೆ ಪೆಡಲ್ ಹಿಡಿದಿಟ್ಟಿರುತ್ತೆ. ಕಣ್ಣು ಮುಚ್ಚಿ ಕೇಳಿದ್ರೆ ಒಂದೇ ಕೈ ಅಂತ ಗೊತ್ತೇ ಆಗಲ್ಲ.

ಇದೆಲ್ಲ ತಾತೆನೊಗೆ ಗೊತ್ತಿರಲಿಲ್ಲ ಅಂತಲ್ಲ. ಆದ್ರೂ ಶುರುವಿನಲ್ಲಿ ಅವರಿಗದು ಬೇಡವಾಗಿತ್ತು. ಎರಡೂ ಕೈಯಲ್ಲಿ ನುಡಿಸಿದವರಿಗೆ ಒಂದೇ ಕೈ ಸಂಗೀತ ತೋರಿಸಿದ್ರೆ ಹೇಗನ್ನಿಸಬೇಡ? ಒಂದು ದಿನ ವಯಲಿನ್ ವಾದಕನಾದ ಮಗ ಒಂದು ಸ್ವರಲಿಪಿ ತಂದು ಅವರ ಮುಂದಿಟ್ಟ. ಇಂಗ್ಲೆಂಡಿನ ಫ್ರಾಂಕ್ ಬ್ರಿಡ್ಜ್ 1918ರಲ್ಲಿ, ಯುದ್ಧದಲ್ಲಿ ಬಲಗೈ ಹೋದ ಡಗ್ಲಸ್ ಫಾಕ್ಸ್ ಅನ್ನೋ ಸಂಗೀತಗಾರನಿಗೆ ಬರೆದುಕೊಟ್ಟ ಮೂರು ಪುಟ್ಟ ತುಣುಕುಗಳು. ತಾತೆನೊ ಅದನ್ನ ನುಡಿಸಿ ನೋಡಿದ್ರು. ಅಲ್ಲಿಂದ ಬಲಗೈಗೆ ಕಾಯೋದು ಬಿಟ್ರು.

2004ರಲ್ಲಿ ಜಪಾನಿನ ವೇದಿಕೆಗೆ ಮರಳಿದ್ರು, ಎಡಗೈ ವಾದಕರಾಗಿ. ಹಳೇ ಕೃತಿಗಳು ಸಾಲಲಿಲ್ಲ. ಮಿಚಿಯೊ ಮಾಮಿಯಾ, ತಕಾಶಿ ಯೋಶಿಮತ್ಸು ಥರದ ಜಪಾನಿ ಸಂಗೀತ ರಚನಕಾರರು ಅವರಿಗೋಸ್ಕರವೇ ಬರೆದ್ರು. ಸಹೋದ್ಯೋಗಿ ಹೇಳಿದ ತಾಪಿಯೊಲಾ ಕೃತಿ ಯೋಶಿಮತ್ಸು ಅವರದ್ದು. (ತಾಪಿಯೊ ಅಂದ್ರೆ ಇಲ್ಲಿನ ಜಾನಪದದ ಕಾಡಿನ ದೇವರು, ತಾಪಿಯೊಲಾ ಅವನ ಸೀಮೆ. ಸದ್ಯಕ್ಕೆ ಅಲ್ಲಿ ನನ್ನದೂ ಒಂದು ಬಾಡಿಗೆ ಮನೆ ಇದೆ!) ಎಡಗೈ ಕೃತಿಗಳನ್ನ ಬರೆಸೋದಕ್ಕೆ ಅಂತಲೇ ನಿಧಿಯೊಂದನ್ನ ಕಟ್ಟಿದ್ರು. 2012ರಲ್ಲಿ ಜಪಾನಿನ ಎನ್‌ಎಚ್‌ಕೆ ಚಾನೆಲ್ಲಿನ ವರ್ಷಪೂರ್ತಿ ಓಡಿದ ಚಾರಿತ್ರಿಕ ಧಾರಾವಾಹಿಯ ಶೀರ್ಷಿಕೆ ಸಂಗೀತದಲ್ಲಿ ಕೇಳೋ ಪಿಯಾನೋ ಇವರ ಎಡಗೈಯದೇ. ಎಂಬತ್ತು ದಾಟಿದ ಮೇಲೂ ಕಛೇರಿ ಕೊಟ್ರು.

ಒಂದು ವಿಡಿಯೋ ಅಪ್ಪನಿಗೆ ಕಳಿಸಿದೆ. ‘ನೋಡಿ ಕಲೀರಿ’ ಅನ್ನೋ ಥರ ಆಗಬಾರದಲ್ಲ, ಅದಕ್ಕೆ ಏನೂ ಬರೆಯಲಿಲ್ಲ. ಮಾರನೇ ದಿನ ಅಪ್ಪ ಅಂದಿದ್ದು ಇಷ್ಟೇ: “ನನ್ನ ಕ್ಲಾಸಿನಲ್ಲಿ ಎಡಗೈಲಿ ಬರೆಯೋ ಹುಡುಗನೊಬ್ಬ ಇದ್ದ ಕಣೋ. ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಹೊಡೆದು ಬಲಗೈಗೆ ಬದಲಾಯಿಸಿಬಿಟ್ಟೆ.” ನಾನೇನೂ ಮಾತಾಡಲಿಲ್ಲ.

ಆಮೇಲೆ ಯೋಚನೆ ಮಾಡಿದೆ. ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ ನನ್ನ ಮೊದಲ ಪ್ರಶ್ನೆ “ಬಲಗೈ ಹೆಂಗಿದೆ ಅಪ್ಪಾ?” ಅಂತ. ಒಂದು ಸಲವೂ ಎಡಗೈ ಬಗ್ಗೆ ಕೇಳಿಲ್ಲ. ಕಾಯ್ತಾ ಕೂತಿದ್ದು ಅಪ್ಪ ಒಬ್ಬರೇ ಅಲ್ಲ, ನಾನೂ ಕಾಯಿಸ್ತಾ ಕೂತಿದ್ದೆ.

ಮೊನ್ನೆ ಅಮ್ಮ ಒಂದು ಫೋಟೋ ಕಳಿಸಿದ್ರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಸೊಟ್ಟ ಸೊಟ್ಟಗೆ ಅಪ್ಪನ ಸಹಿ, ಏಳೆಂಟು ಸಲ. ಒಂದು ಅಕ್ಷರ ಗೆರೆಯಿಂದ ಕೆಳಗೆ ಬಿದ್ದಿದೆ. ಕೆಳಗೆ ಮೇಷ್ಟ್ರು ತಾವೇ ಹಾಕಿಕೊಂಡ ಮಾರ್ಕ್ಸ್: ಹತ್ತಕ್ಕೆ ಮೂರು.

ಊಟ ಇನ್ನೂ ಅಮ್ಮನ ಕೈಯಿಂದಲೇ. ಅದಕ್ಕೆ ನಾನು ಬಾಯಿ ಹಾಕಲ್ಲ. ಮುಂದಿನ ನವೆಂಬರ್‌ಗೆ ಸಮಯ ಇದೆ. ಈ ಭಾನುವಾರ ಮಾತ್ರ “ಎಡಗೈ ಇವತ್ತು ಏನೇನು ಮಾಡ್ತು ಅಪ್ಪಾ?” ಅಂತ ಕೇಳ್ತೀನಿ.

ನಮ್ಮ ಕಾಲದಲ್ಲಿ ಪಾಸಾಗೋಕೆ ಮೂವತ್ತೈದು ಬೇಕಿತ್ತಲ್ವಾ, ಆ ಲೆಕ್ಕದಲ್ಲಿ ಇನ್ನು ಐದೇ ಕಮ್ಮಿ.