ನವೋದಯದ ಬಾಗಿಲೂ ಮೂರನೆಯ ತರಗತಿಯೂ

ನಮ್ಮ ಶಾಲೆಯಲ್ಲಿ ಓದಿಹೋದ ಸಹೋದರಿಯರಲ್ಲಿ ಅನೇಕರು ಇಂದು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇದ್ದಾರೆ. ಅವರು ನಮ್ಮನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆಯೊಂದುಂಟು: "ಮಗಳು ಓದಿನಲ್ಲಿ ಚುರುಕಾಗಿದ್ದಾಳೆ, ಗಾಜನೂರಿನ ನವೋದಯಕ್ಕೆ ಸೇರಿಸಬಹುದೆ? ಈಗ ಓದುತ್ತಿರುವುದು ಖಾಸಗಿ ಶಾಲೆಯಲ್ಲಿ, ಅದರಿಂದ ಅಡ್ಡಿಯಾದೀತೆ?" ಈ ಪ್ರಶ್ನೆ ಬರುವುದು ಸಾಮಾನ್ಯವಾಗಿ ಮಗು ಐದನೆಯ ತರಗತಿಗೆ ಬಂದ ಮೇಲೆ. ಅದನ್ನು ಕೇಳಬೇಕಾದದ್ದು ಎರಡನೆಯ ತರಗತಿಯಲ್ಲಿ ಎಂಬುದೇ ನಮ್ಮ ಅಭಿಪ್ರಾಯ.

ಜವಾಹರ ನವೋದಯ ವಿದ್ಯಾಲಯಗಳು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಮೊದಲಾಗಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಲದಿಂದ ದೇಶದಲ್ಲೆಲ್ಲ ಹರಡಿದವು. ಹೆತ್ತವರ ಸಿರಿತನ ಬಡತನಗಳನ್ನು ಗಣಿಸದೆ, ಗ್ರಾಮಾಂತರದ ಪ್ರತಿಭಾವಂತ ಮಕ್ಕಳಿಗೆ ಉತ್ತಮ ವಿದ್ಯೆಯನ್ನು ಒದಗಿಸುವುದು ಇವುಗಳ ಉದ್ದೇಶ. ನಮ್ಮ ಶಿವಮೊಗ್ಗ ಜಿಲ್ಲೆಯ ವಿದ್ಯಾಲಯವು ತುಂಗಾ ಅಣೆಕಟ್ಟಿನ ಗಾಜನೂರಿನಲ್ಲಿದೆ. ಊಟ, ವಸತಿ, ಸಮವಸ್ತ್ರ, ಪುಸ್ತಕ ಇವೆಲ್ಲವೂ ಉಚಿತ. ಒಂಬತ್ತನೆಯ ತರಗತಿಯಿಂದ ಕೆಲವರು ತೆರಬೇಕಾದ ತಿಂಗಳ ಅಲ್ಪ ನಿಧಿಯಿಂದಲೂ ಹೆಣ್ಣುಮಕ್ಕಳಿಗೆ ವಿನಾಯಿತಿಯಿದೆ.

ಖಾಸಗಿ ಶಾಲೆಯ ಮಗುವಿಗೆ ಇಲ್ಲಿ ತಡೆಯಿಲ್ಲ. ಶಾಲೆಯು ಸರ್ಕಾರದಿಂದ ಮಾನ್ಯತೆ ಪಡೆದಿರಬೇಕು; ಮಗು ಇದೇ ಜಿಲ್ಲೆಯಲ್ಲಿ ಐದನೆಯ ತರಗತಿಯನ್ನು ಓದುತ್ತಿರಬೇಕು. ಆದಕಾರಣ ಫಲಕದ ಚೆಲುವನ್ನು ನೋಡಿ ಮಗುವನ್ನು ಸೇರಿಸುವ ಮೊದಲು ಮಾನ್ಯತೆಯ ಪತ್ರವನ್ನು ಕೇಳಿ ನೋಡುವುದು ಒಳ್ಳೆಯದು, ಕೇಳಲು ಸಂಕೋಚವೇಕೆ? ಇನ್ನು ಮನೆಯಲ್ಲಿಯೇ ಪಾಠ ಹೇಳಿಸುವ ಕೆಲವರಿದ್ದಾರೆ. ಮನೆಯ ಪಾಠವೆಷ್ಟೇ ಉತ್ತಮವಾಗಿದ್ದರೂ ಬರಿಯ ಅದರಿಂದ ಅರ್ಹತೆ ಬಾರದು. ಅಂಥವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮಾರ್ಗವನ್ನು ನಿಯಮಗಳು ತೆರೆದಿಟ್ಟಿದ್ದುಂಟು. ಆಯಾ ವರ್ಷದ ಪ್ರಕಟಣೆಯನ್ನು ಮೊದಲೇ ತರಿಸಿ ಓದತಕ್ಕದ್ದು.

ತೊಡಕು ಇರುವುದು ಬೇರೆಡೆಯಲ್ಲಿ. ಆರನೆಯ ತರಗತಿಗೆ ಸೇರಿಸಿಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಅವುಗಳಲ್ಲಿ ಕಡಮೆಯೆಂದರೂ ನೂರಕ್ಕೆ 75 ಸ್ಥಾನಗಳು ಗ್ರಾಮಾಂತರದ ಮಕ್ಕಳವು. ಮಗು ಗ್ರಾಮಾಂತರದ್ದು ಎನಿಸಿಕೊಳ್ಳುವುದು ಮನೆಯ ವಿಳಾಸದಿಂದಲ್ಲ. ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ಣವಾಗಿ ಹಳ್ಳಿಯ ಶಾಲೆಯಲ್ಲಿ ಓದಿರುವುದರಿಂದ. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ಪಟ್ಟಣದ್ದೇ.

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿಯನ್ನು ನಾವು ಬಲ್ಲೆವು. ತೋಟದ ನಡುವಿನ ಒಂಟಿಮನೆ. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಪಾಡು. ನಾಲ್ಕನೆಯ ತರಗತಿಗೆ ಬಂದಾಗ ತಾಯ್ತಂದೆಗಳು ಅವಳನ್ನು ಪಟ್ಟಣದಲ್ಲಿನ ಅಜ್ಜನಮನೆಯಲ್ಲಿರಿಸಿ, ಅಲ್ಲಿನ ಇಂಗ್ಲಿಷು ಶಾಲೆಗೆ ಸೇರಿಸಿದರು. ನವೋದಯದ ಪರೀಕ್ಷೆಗೆ ಚೆನ್ನಾಗಿ ಸಿದ್ಧಳಾಗಲೆಂಬುದೇ ಅವರ ಬಯಕೆಯಾಗಿತ್ತು. ಅರ್ಜಿಯನ್ನು ತುಂಬುವ ದಿನ ತಿಳಿದುದೇನೆಂದರೆ, ಅವಳ ಪಾಲಿಗೆ ಉಳಿದದ್ದು ಕೊನೆಯ ಕಾಲುಭಾಗದ ಸ್ಥಾನಗಳು ಮಾತ್ರ; ಅವುಗಳಿಗೂ ಹಳ್ಳಿಯ ಮಕ್ಕಳೊಡನೆಯೇ ಸ್ಪರ್ಧೆ. ಅವಳಿಗೆ ಸ್ಥಾನ ದೊರೆಯಲಿಲ್ಲ. "ನಾವೇ ಕೈಯಾರೆ ಕೆಡಿಸಿದೆವು" ಎಂದು ಆ ತಾಯಿ ನಮ್ಮೆದುರು ಕಣ್ಣೀರಿಟ್ಟಳು.

ಆದರೂ ಈ ನಿಯಮವನ್ನು ನಾವು ತಪ್ಪೆನ್ನಲಾರೆವು. ಅದನ್ನು ಸಡಿಲಿಸಿದರೆ ಹಳ್ಳಿಯಲ್ಲಿ ಮನೆಯ ಹೆಸರನ್ನಿಟ್ಟು ಪಟ್ಟಣದಲ್ಲಿ ಓದಿಸುವ ಅನುಕೂಲವಂತರೇ ಮುಂದಾಗುವರು. ಘಟ್ಟದಂಚಿನ ಒಬ್ಬರೇ ಶಿಕ್ಷಕರಿರುವ ಶಾಲೆಯ ಮಗುವಿಗೆ ಉಳಿಯುವುದೇನು? ನಮ್ಮ ಆಕ್ಷೇಪಣೆಯೇನಿದ್ದರೂ ನಿಯಮವು ಸಕಾಲದಲ್ಲಿ ಮನೆಮನೆಗೆ ಮುಟ್ಟದಿರುವುದರ ಮೇಲೆ. ಐದನೆಯ ತರಗತಿಯಲ್ಲಿ ಅರ್ಜಿಯ ಸುದ್ದಿ ಬರುತ್ತದೆ; ಅಷ್ಟು ಹೊತ್ತಿಗೆ ನಿರ್ಣಾಯಕವಾದ ಎರಡು ವರ್ಷಗಳು ಕಳೆದುಹೋಗಿರುತ್ತವೆ.

ಪರೀಕ್ಷೆಗಾಗಿಯಾದರೂ ಪಟ್ಟಣಕ್ಕೆ ಹೋಗುವುದು ಅವಶ್ಯವೇ? ನಮಗೆ ಹಾಗೆ ತೋರದು. ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳು. ಅರ್ಧದಷ್ಟು ಆಕೃತಿಗಳನ್ನು ನೋಡಿ ಯೋಚಿಸುವಂಥವು, ಉಳಿದವು ಗಣಿತ ಮತ್ತು ಭಾಷೆ. ಕನ್ನಡದಲ್ಲಿಯೇ ಬರೆಯಬಹುದು. ತಪ್ಪಿಗೆ ಅಂಕ ಕಳೆಯುವುದಿಲ್ಲ. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ತಾಯಿ ಒಂದು ಗಂಟೆ ಜೊತೆಗೆ ಕುಳಿತರೆ, ಹಳ್ಳಿಯ ಶಾಲೆಯ ಮಗುವೂ ಇದಕ್ಕೆ ಸಿದ್ಧವಾಗಬಲ್ಲದು. ಆರನೆಯ ತರಗತಿಯ ಈ ಪರೀಕ್ಷೆಗೆ ಮಗು ಕುಳಿತುಕೊಳ್ಳಬಹುದಾದದ್ದು ಒಂದೇ ಸಲ ಎಂಬುದನ್ನು ಮಾತ್ರ ಮರೆಯಬಾರದು.

ಸ್ಥಾನಗಳಲ್ಲಿ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಆದರೆ "ಹತ್ತು ವರ್ಷದ ಕೂಸನ್ನು ಹಾಸ್ಟೆಲಿಗೆ ಹೇಗೆ ಬಿಡುವುದು?" ಎಂದು ಹಿಂಜರಿಯುವ ಮನೆಗಳು ಇನ್ನೂ ಇವೆ. ಗಂಡುಮಗುವಿನ ವಿಷಯದಲ್ಲಿ ಈ ಮಾತು ಅಷ್ಟಾಗಿ ಕೇಳಿಬರುವುದಿಲ್ಲ! ಬೋರ್ಡಿಂಗಿನಲ್ಲಿದ್ದು ಓದಿದ ನಮ್ಮ ಸಹೋದರಿಯರು ಇದಕ್ಕೆ ಉತ್ತರ ಹೇಳಬಲ್ಲರು. ಮೊದಲ ವಾರ ದಿಂಬಿನಲ್ಲಿ ಮುಖವಿಟ್ಟು ಅತ್ತವರೇ ರಜೆಗೆ ಮನೆಗೆ ಹೋದಾಗ ಗೆಳತಿಯರಿಗಾಗಿ ಹಂಬಲಿಸಿದ್ದನ್ನು ಅವರು ಮರೆತಿರಲಾರರು.

ಅಂದು ಸ್ಥಾನ ತಪ್ಪಿದ ಆ ಹುಡುಗಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಒಂಬತ್ತನೆಯ ತರಗತಿಯಲ್ಲಿ ಖಾಲಿಯಾದ ಸ್ಥಾನಗಳಿಗೆ ಬೇರೊಂದು ಪರೀಕ್ಷೆ ನಡೆಯುತ್ತದೆಂದು ನಾವು ತಿಳಿಸಿದಾಗ, ತಾಯಿ ಕೇಳಿದ ಮೊದಲ ಮಾತು, "ಅದಕ್ಕೆ ಏನೇನು ನಿಯಮ?" ಎಂಬುದು. ಅವಳ ತಂಗಿ ಎರಡನೆಯ ತರಗತಿಯಲ್ಲಿದ್ದಾಳೆ, ಹಳ್ಳಿಯ ಶಾಲೆಯಲ್ಲಿ.